ಎಂಬತ್ತಮೂರನೇ ಪುಟ

ಸೀರೆ ಅಂಗಡಿಯವರು ಕೊಡುವ ದಪ್ಪ ಪ್ಲಾಸ್ಟಿಕ್ ಚೀಲವನ್ನು ಬಿಸಾಡುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಮ್ಮ ಮನೆಯಲ್ಲಿ ಬಾಗಿಲ ಹಿಂದಿನ ಮೊಳೆಗೆ ಅಂಥವು ಏಳೆಂಟು ನೇತಾಡುತ್ತವೆ. ಒಂದರಲ್ಲಿ ಕರೆಂಟ್ ಬಿಲ್ಲು, ಒಂದರಲ್ಲಿ ಎಕ್ಸ್‌ರೇ, ಒಂದರಲ್ಲಿ ಬರೀ ಮಡಚಿಟ್ಟ ಚೀಲಗಳು. ಮೊನ್ನೆ ಡಾಕ್ಟರು ಮೊಣಕಾಲಿನ ಹಳೇ ಎಕ್ಸ್‌ರೇ ತನ್ನಿ ಅಂದರು. ಹುಡುಕುತ್ತಾ ನೇರಳೆ ಬಣ್ಣದ ಚೀಲಕ್ಕೆ ಕೈ ಹಾಕಿದೆ. ಮೊಣಕಾಲಿನ ಬದಲು ಓದುಗರ ಅಭಿಪ್ರಾಯಗಳು ಕೈಗೆ ಬಂದವು.

ಓದುಗರು ಅಂದೆನಲ್ಲ, ನನ್ನಂಥವಳಿಗೆ ಓದುಗರು ಎಲ್ಲಿಂದ ಬಂದರು ಅಂತ ನೀವು ಕೇಳಬಹುದು. ನಾನು ಹಗರಿಬೊಮ್ಮನಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಇತಿಹಾಸ, ಭೂಗೋಳ ಕಲಿಸಿ ನಿವೃತ್ತಳಾದವಳು. ಇರುವುದು ಕೊಟ್ಟೂರಿನಲ್ಲಿ. ನಿವೃತ್ತಿಯಾದ ವರ್ಷ ಬಂಧುಬಳಗದ ಹನ್ನೊಂದು ಮಂದಿ ಸೇರಿ ಹಿಮಾಲಯದ ಒಂದು ಕಣಿವೆಗೆ ಹೋಗಿಬಂದೆವು. ಉಳಿದ ಹತ್ತು ಮಂದಿ ಫೋಟೋ ತಂದರು, ಶಾಲು ತಂದರು, ನೆಗಡಿ ತಂದರು. ನಾನು ಅದನ್ನೆಲ್ಲ ತಂದದ್ದಲ್ಲದೆ ಪುಸ್ತಕವನ್ನೂ ಬರೆದೆ. ಆ ಕಣಿವೆಯ ಇತಿಹಾಸ, ನಮ್ಮ ಪ್ರವಾಸದ ಫಜೀತಿ ಎರಡನ್ನೂ ಕಲಸಿ ಮಾಡಿದ ಹಾಸ್ಯದ ಪುಸ್ತಕ. ಮುಖಪುಟದ ಮೇಲೆ ಒಂದು ಹೇಸರಗತ್ತೆಯ ಚಿತ್ರವಿದೆ. ನಾನು ಬಹಳ ಯೋಚಿಸಿ ಇಟ್ಟ ಹೆಸರನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಎಲ್ಲರ ಬಾಯಲ್ಲೂ ಅದು "ಹೇಸರಗತ್ತಿ ಪುಸ್ತಕ" ಆಗಿಹೋಯಿತು.

ಇತಿಹಾಸ ಅಂದರೆ ಭಾರಿ ಏನಲ್ಲ. ಆ ಕಣಿವೆಯಲ್ಲಿ ಒಂದು ಕಾಲಕ್ಕೆ ಎರಡು ಪುಟ್ಟ ರಾಜ್ಯಗಳಿದ್ದವಂತೆ, ನಡುವೆ ಒಂದು ಹೊಳೆ, ಹೊಳೆಗೆ ಒಂದೇ ಸೇತುವೆ. ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋದರೆ ಯುದ್ಧ ನಿಲ್ಲುತ್ತಿತ್ತು. ಸೇತುವೆ ಇಲ್ಲದೆ ಯುದ್ಧ ಮಾಡುವುದು ಹೇಗೆ? ಎರಡೂ ಕಡೆಯ ಸೈನಿಕರು ಸೇರಿ ಮರ ಹೊತ್ತು ಸೇತುವೆ ಕಟ್ಟುತ್ತಿದ್ದರು, ಒಟ್ಟಿಗೆ ಕೂತು ಉಣ್ಣುತ್ತಿದ್ದರು, ಮಾರನೇ ದಿನದಿಂದ ಮತ್ತೆ ಹೊಡೆದಾಟ. ಇದನ್ನು ನಮಗೆ ಹೇಳಿದ್ದು ಗೈಡ್, ಅವನಿಗೆ ಹೇಳಿದ್ದು ಅವನ ಅಜ್ಜ. ತರಗತಿಯಲ್ಲಿ ಹುಡುಗರು ಆಧಾರವಿಲ್ಲದೆ ಒಂದು ಸಾಲು ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದವಳು ನಾನು, ಅಜ್ಜನ ಮಾತನ್ನು ನಂಬಿ ಎರಡು ಅಧ್ಯಾಯ ಬರೆದೆ.

ನಮ್ಮ ಭಾಗದಲ್ಲಿ ಓದುಗರು ಪತ್ರ ಬರೆಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ ಎದುರಿಗೆ ನಿಂತು ಹೇಳುತ್ತಾರೆ. ನಾನು ಮನೆಗೆ ಬಂದು ಅವರ ಬಾಯಿಂದ ಬಂದ ಹಾಗೇ ಚೀಟಿಯಲ್ಲಿ ಬರೆದು ನೇರಳೆ ಚೀಲಕ್ಕೆ ಹಾಕಿದೆ. ಮೇಷ್ಟ್ರಗಿರಿಯ ಚಟ, ಯಾರಿಗೆ ಎಷ್ಟು ಅಂಕ ಕೊಡಬೇಕು ಅಂತ ಇಂದಿಗೂ ಮನಸ್ಸು ಲೆಕ್ಕ ಹಾಕುತ್ತದೆ.

ಹರಪನಹಳ್ಳಿಯ ವಕೀಲರೊಬ್ಬರು ಹೇಳಿದ್ದು ಹೀಗೆ: "ಮೇಡಂ, ನಾನು ಏಪ್ರಿಲ್‌ನಾಗೆ ಓದಿದ್ದು. ಹಿಮದ ಪುಸ್ತಕ ಅಂತ ಆಸೆಯಿಂದ ಹಿಡ್ಕಂಡೆ. ಒಂಚೂರೂ ತಂಪಾಗ್ಲಿಲ್ಲ." ಹಡಗಲಿಯಲ್ಲಿ ಮಲ್ಲಿಗೆ ಬೆಳೆಯುವ ಒಬ್ಬರದು ಬೇರೆ ತಕರಾರು. "ಇಷ್ಟೆಲ್ಲಾ ಗುಡ್ಡ ಬರದೀರಿ, ಅಲ್ಲಿ ಹೆಣ್ಣಮಕ್ಕಳು ಯಾವ ಹೂವು ಮುಡೀತಾರ ಅಂತ ಎಲ್ಲೂ ಇಲ್ಲಲ್ರಿ." ಇದು ನ್ಯಾಯವಾದ ಮಾತು, ನಾನು ಹೂವನ್ನು ಗಮನಿಸಿಯೇ ಇರಲಿಲ್ಲ. ಕೂಡ್ಲಿಗಿಯ ಒಬ್ಬ ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ನಮ್ಮಲ್ಲೂ ಗುಡ್ಡ ಅದಾವ, ಕರಡೀನೂ ಅದಾವ. ಅಷ್ಟು ದೂರ ಯಾಕ ಹೋಗಿದ್ರಿ?" ಎಂದರು. ಕೋಗಳಿಯ ಹಿರಿಯರೊಬ್ಬರಂತೂ ಸಿಟ್ಟಾಗಿದ್ದರು. "ನಮ್ಮೂರಾಗ ಎಷ್ಟು ಹಳೇ ಬಸದಿ ಐತಿ, ಅದನ್ನ ಬಿಟ್ಟು ಯಾರದೋ ಊರಿನ ಸೇತುವಿ ಕಥಿ ಬರದೀರಿ. ಇತಿಹಾಸದ ಟೀಚರ ಅಂತೀರಿ." ತಂಬ್ರಹಳ್ಳಿಯ ನನ್ನ ಹಳೇ ವಿದ್ಯಾರ್ಥಿನಿ ಮಾತ್ರ ಪೂರ್ತಿ ಹೊಗಳಿದಳು: "ಟೀಚರ, ಅಕ್ಷರ ದೊಡ್ಡವು ಅದಾವ. ನಮ್ಮ ಅತ್ತಿ ಕನ್ನಡಕ ಇಲ್ದ ಓದಿದ್ರು."

ತಕರಾರು ಏನೇ ಇರಲಿ, ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ಎಂಬತ್ತಮೂರನೇ ಪುಟಕ್ಕೆ. "ಆದ್ರ ಆ ನಿಮ್ಮ ನೆಗೆಣ್ಣಿ ಸೇತುವಿ ಮ್ಯಾಲ ಕುಂತಿದ್ದು ಐತಲ್ರಿ, ನಕ್ಕು ನಕ್ಕು ಸಾಕಾತು." ಈ ಮಾತು ನನ್ನ ಚೀಲದಲ್ಲಿ ಹತ್ತಾರು ಕೈಬರಹದಲ್ಲಿಲ್ಲ, ನನ್ನದೇ ಕೈಬರಹದಲ್ಲಿ ಹತ್ತಾರು ಸಲ ಇದೆ.

ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಕೊಟ್ರಮ್ಮಕ್ಕ. ನಮ್ಮಿಬ್ಬರ ಮನೆಗಳಿಗೆ ನಡುವೆ ಒಂದೇ ಗೋಡೆ, ಹಿತ್ತಲಲ್ಲಿ ಆ ಗೋಡೆ ಎದೆಮಟ್ಟ. ನಾನು ಬೆಳಗಿನ ಬಸ್ಸಿಗೆ ಓಡುತ್ತಿದ್ದ ಕಾಲದಿಂದ ಆ ಗೋಡೆಯ ಮೇಲಿಂದ ನನಗೆ ದಿನಾ ಎರಡು ಜೋಳದ ರೊಟ್ಟಿ ದಾಟಿ ಬರುತ್ತವೆ. ಅವಳು ಓದಿದ್ದು ನಾಲ್ಕನೇ ಇಯತ್ತೆ. ಮನೆಯವರ ಬೀಜ ಗೊಬ್ಬರದ ಅಂಗಡಿಯಲ್ಲಿ ಮಧ್ಯಾಹ್ನ ಕೂತರೆ ಗಂಡಸರೂ ಮಾತಾಡಲು ಎರಡು ಸಲ ಯೋಚಿಸುತ್ತಾರೆ. ಹಿಮಾಲಯಕ್ಕೆ ಹೊರಟಾಗ ಒಂದು ಹಳೇ ಪಂಚೆಯಲ್ಲಿ ಅರವತ್ತು ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿಕೊಂಡು ಬಂದಿದ್ದಳು. ಒಣಗಿಸಿ ಗರಿಯಾದ ಆ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಗಂಟನ್ನು ಯಾರ ಕೈಗೂ ಕೊಡಲಿಲ್ಲ, ರೈಲಿನಲ್ಲಿ ತಲೆದಿಂಬು ಮಾಡಿಕೊಳ್ಳಲೂ ಇಲ್ಲ, ರೊಟ್ಟಿ ಮುರಿದಾವೆಂದು ಹನ್ನೆರಡು ದಿನ ತೊಡೆ ಮೇಲೇ ಇಟ್ಟುಕೊಂಡಳು. ಅಂಥವಳು ಹಾಸ್ಯದ ಪುಸ್ತಕಕ್ಕೆ ಸಿಕ್ಕರೆ ಯಾರು ಬಿಟ್ಟಾರು?

ಎಂಬತ್ತಮೂರನೇ ಪುಟದಲ್ಲಿ ಹೀಗಿದೆ: ಎರಡು ರಾಜ್ಯಗಳು ಹೊಡೆದಾಡಿದ ಅದೇ ಜಾಗದಲ್ಲಿ ಈಗೊಂದು ತೂಗುಸೇತುವೆ. ನಮ್ಮ ನೆಗೆಣ್ಣಿ ಅರ್ಧ ದಾಟಿದವಳು ಕೆಳಗೆ ನೋಡುತ್ತಾಳೆ, ಗಂಟು ಅಪ್ಪಿಕೊಂಡು ಹಲಗೆಯ ಮೇಲೆ ಕುಕ್ಕರಿಸುತ್ತಾಳೆ. ಮುಂದೆ ಬಾ ಅಂದರೆ ಇಲ್ಲ, ಹಿಂದೆ ಹೋಗು ಅಂದರೆ ಇಲ್ಲ. ಹಿಂದೆ ಆರು ಹೇಸರಗತ್ತೆಗಳು ಸಾಲಾಗಿ ನಿಂತು ಇವಳ ಬೆನ್ನನ್ನು ನೋಡುತ್ತವೆ. ಹಿಂದಿನ ಕಾಲದಲ್ಲಿ ಸೈನ್ಯ ನಿಲ್ಲಿಸಲು ಸೇತುವೆ ಕಿತ್ತು ಹಾಕಬೇಕಿತ್ತು, ನಮ್ಮ ಕೊಟ್ಟೂರಿನ ಒಬ್ಬ ಹೆಂಗಸು ಕೂತರೆ ಸಾಕು ಎಂದು ಬರೆದಿದ್ದೇನೆ. ಕೊನೆಗೆ ಲೇಖಕಿ ವಾಪಸು ಬಂದು, ಧೈರ್ಯ ಹೇಳಿ, ಕೈ ಹಿಡಿದು ದಾಟಿಸುತ್ತಾಳೆ.

ಇನ್ನು ನಿಜ ಹೇಳುತ್ತೇನೆ. ಸೇತುವೆಯ ನಡುವೆ ಕುಕ್ಕರಿಸಿದವಳು ನಾನು.

ಬೆಟ್ಟ ಅಂದರೆ ನನಗೆ ಸಣ್ಣವಳಿದ್ದಾಗಿನಿಂದ ಕಾಗದದ ವ್ಯವಹಾರ. ನಮ್ಮ ಶಾಲೆಯಲ್ಲಿ ಹಳೇ ಪೇಪರು ನೆನೆಸಿ ರುಬ್ಬಿ, ಜೋಳದ ಹಿಟ್ಟಿನ ಅಂಟು ಬೆರೆಸಿ, ಗೋಡೆಗೆ ಒಂದು ಭಾರತದ ನಕಾಶೆ ಮಾಡಿದ್ದರು. ಉತ್ತರಕ್ಕೆ ಉಬ್ಬಿದ ಹಿಮಾಲಯ, ಮೇಲೆ ಸುಣ್ಣದ ಹಿಮ. ಜೋಳದ ವಾಸನೆಗೆ ಇಲಿ ಬಂದು ಒಂದು ರಜೆಯಲ್ಲಿ ಬೆಟ್ಟದ ದೊಡ್ಡ ತುಂಡನ್ನೇ ತಿಂದುಹಾಕಿತು. ರಜೆ ಮುಗಿದ ಮೇಲೆ ಮೇಷ್ಟ್ರು ಆ ತೂತಿಗೇ ಕೋಲು ಚುಚ್ಚಿ, "ಇದು ಕಣಿವಿ" ಅಂದರು. ನಾವು ಬರೆದುಕೊಂಡೆವು. ನಾನೂ ಮುಂದೆ ಕೋಲು ಹಿಡಿದು ಅದೇ ಧೈರ್ಯದಲ್ಲಿ ಕಲಿಸಿದೆ. ಯಾವ ಹೊಳೆ ಎಲ್ಲಿ ಹುಟ್ಟುತ್ತದೆ, ಎಷ್ಟು ರಭಸ, ಎಲ್ಲ ಬಾಯಿಪಾಠ. ಆ ಹೊಳೆ ನನ್ನ ಕಾಲಿನ ಕೆಳಗೆ, ಎರಡು ಹಲಗೆಗಳ ಸಂದಿಯಲ್ಲಿ ಭೋರ್ಗರೆಯುವುದನ್ನು ಕಂಡಾಗ ಬಾಯಿಪಾಠ ಕೈಕೊಟ್ಟಿತು.

ಕೊಟ್ರಮ್ಮಕ್ಕ ಅಷ್ಟರಲ್ಲಿ ಆಚೆ ದಡ ಮುಟ್ಟಿದ್ದಳು. ನನ್ನನ್ನು ನೋಡಿ ವಾಪಸು ಬಂದಳು. ಕೈ ಹಿಡಿದು ಎಳೆಯಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಗಂಟು ಬಿಚ್ಚಿದಳು. "ಉಣ್ಣು," ಅಂದಳು. "ಉಂಡ ಮ್ಯಾಲ ಹೋಗಾನು. ಸೇತುವಿ ಎಲ್ಲಿಗೂ ಹೋಗಂಗಿಲ್ಲ." ನಾನು ಅಳುತ್ತಿದ್ದೆ. ಆಗ ನನ್ನ ಮಗಳು ಏಳು ತಿಂಗಳ ಬಸುರಿ. "ಅಕ್ಕಾ, ನಾ ಇಲ್ಲೇ ಬಿದ್ದು ಹೋದ್ರ ಮಗಳ ಬಾಣಂತನ ಮಾಡೋರ್ಯಾರು" ಅಂತ ಅಂದೆ. ಅವಳು ರೊಟ್ಟಿ ಮುರಿದು ಹಿಂಡಿ ಹಚ್ಚಿ ನನ್ನ ಬಾಯಿಗೆ ಇಟ್ಟಳು. ಹಿಂದೆ ನಿಂತ ಮೊದಲನೇ ಹೇಸರಗತ್ತೆ ಕುತ್ತಿಗೆ ಚಾಚಿತು, ಅದಕ್ಕೂ ಒಂದು ರೊಟ್ಟಿ ಕೊಟ್ಟಳು. ಕತ್ತೆಯವನು ಏನೋ ಕೂಗಿದ, ಇವಳು ಕನ್ನಡದಲ್ಲಿ "ತಡಿಯಪಾ, ಉಣ್ಣಾಕತ್ತೀವಿ" ಅಂದಳು, ಅವನು ಸುಮ್ಮನಾದ. ಆಮೇಲೆ ನಾನು ಅವಳ ಸೆರಗು ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು ದಾಟಿದೆ.

ಬರೆಯಲು ಕೂತಾಗ ಇದನ್ನು ಹೀಗೇ ಬರೆದಿದ್ದೆ. ಓದಿ ನೋಡಿದೆ, ನಾಚಿಕೆಯಾಯಿತು. ಹಳೇ ವಿದ್ಯಾರ್ಥಿಗಳು ಓದುತ್ತಾರೆ, ಟೀಚರ ಕತ್ತೆಗಳ ಮುಂದೆ ಕೂತು ಅತ್ತಿದ್ದು ಅವರಿಗೆ ಯಾಕೆ ಗೊತ್ತಾಗಬೇಕು? ಮೇಲಾಗಿ ಗಂಟು ಹೊತ್ತ ಕೊಟ್ರಮ್ಮಕ್ಕ ಕೂತರೆ ನಗು ಹೆಚ್ಚು ಬರುತ್ತದೆ ಅನ್ನಿಸಿತು. ನನ್ನ ಜಾಗದಲ್ಲಿ ಅವಳನ್ನು ಕೂರಿಸಿ, ಅವಳ ಜಾಗದಲ್ಲಿ ನಾನು ನಿಂತೆ. ರೊಟ್ಟಿ ಉಂಡ ಭಾಗ ಅಲ್ಲಿ ಹೊಂದಲಿಲ್ಲ, ತೆಗೆದುಹಾಕಿದೆ.

ಅವಳು ಓದುವುದಿಲ್ಲ ಎಂಬ ಧೈರ್ಯವೂ ಇತ್ತು. ಮೊದಲ ಪ್ರತಿ ಅವಳಿಗೇ ಕೊಟ್ಟೆ. ಕಣ್ಣಿಗೊತ್ತಿಕೊಂಡಳು, ವಿಭೂತಿ ಹಚ್ಚಿದಳು, ಒಂದು ಹೂ ಇಟ್ಟು ಲಿಂಗದ ಪಕ್ಕ ದೇವರ ಜಗಲಿಯ ಮೇಲೆ ಏರಿಸಿದಳು. ನಮ್ಮ ಕಡೆ ಜಗಲಿ ಏರಿದ ಪುಸ್ತಕವನ್ನು ಯಾರೂ ಇಳಿಸುವುದಿಲ್ಲ. ದಿನಾ ಪೂಜೆ ಆಗುತ್ತದೆ, ಓದು ಆಗುವುದಿಲ್ಲ. ನಾನು ನಿರಾಳವಾಗಿ ಬಸ್ ಸ್ಟ್ಯಾಂಡುಗಳಲ್ಲಿ ಅಭಿಪ್ರಾಯ ಕೂಡಿಹಾಕುತ್ತಾ ಓಡಾಡಿದೆ.

ಒಂದು ದಿನ ಅವಳು ತವರಿಗೆ ಹೋದವಳು, ದೀಪ ಹಚ್ಚಲು ನನಗೆ ಕೀಲಿ ಕೊಟ್ಟುಹೋಗಿದ್ದಳು. ಜಗಲಿ ಒರೆಸಲು ಪುಸ್ತಕ ಎತ್ತಿದೆ, ಸುಮ್ಮನೆ ತೆರೆದೆ. ಪ್ರತಿ ಪುಟದ ಅಂಚಿನಲ್ಲೂ ಬೂದಿಯ ಬೆರಳಗುರುತು. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿದ ಕೈಯಲ್ಲೇ, ದಿನಕ್ಕೊಂದು ಪುಟ ಓದಿದ್ದಾಳೆ. ಸಾಲುಗಳ ಕೆಳಗೂ ಬೆರಳು ಎಳೆದ ಮಾಸಲು ಗೆರೆ. ನಾನು ಪುಟ ಮಗುಚುತ್ತಾ ಹೋದೆ. ಎಂಬತ್ತಮೂರನೇ ಪುಟದಲ್ಲಿ ಆ ಗೆರೆ ಎರಡು ಮೂರು ಸಲ ಓಡಾಡಿ ಬೂದಿ ದಟ್ಟವಾಗಿತ್ತು. ಎಂಬತ್ತನಾಲ್ಕರಿಂದ ಮುಂದೆ ಏನೂ ಇರಲಿಲ್ಲ.

ಅವಳು ತವರಿನಿಂದ ಬಂದಳು. ಮಾರನೇ ದಿನ ಗೋಡೆಯ ಮೇಲೆ ಎರಡು ರೊಟ್ಟಿ ಎಂದಿನಂತೆ ಬಂದವು. ಬರದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವಳು ಮಳೆ ಬಗ್ಗೆ ಮಾತಾಡಿದಳು, ಗ್ಯಾಸಿನ ಬಗ್ಗೆ ಮಾತಾಡಿದಳು, ಪುಸ್ತಕದ ಮಾತೆತ್ತಲಿಲ್ಲ.

ಆ ಹೊತ್ತಿಗೇ ನಿಂಗಪ್ಪ ಮೇಷ್ಟ್ರ ಫೋನ್ ಬಂತು. ಹೊಸಹಳ್ಳಿಯವರು, ನನ್ನ ಜೊತೆ ಕೆಲಸ ಮಾಡಿದವರು, ನಿವೃತ್ತರಾದ ಮೇಲೆ ಒಂದು ಓದುಗರ ಬಳಗ ಕಟ್ಟಿಕೊಂಡಿದ್ದಾರೆ. "ಭಾನುವಾರ ಹನ್ನೊಂದಕ್ಕ ಕೊಟ್ಟೂರಾಗ ನಿಮ್ಮ ಪುಸ್ತಕದ ಮ್ಯಾಲ ಅಭಿಪ್ರಾಯ ಗೋಷ್ಠಿ ಇಟ್ಟೀವ್ರಿ ಮೇಡಂ. ಆ ನೆಗೆಣ್ಣಿಯವರನ್ನ ಕರ್ಕೊಂಡೇ ಬರಬೇಕು." ನಾನು ಅವಳಿಗೆ ಹುಷಾರಿಲ್ಲ ಅಂದೆ. ಅವರು ಬುದ್ಧಿವಂತರು, ನೇರವಾಗಿ ಬೀಜದ ಅಂಗಡಿಗೇ ಹೋಗಿ ಕರೆದುಬಿಟ್ಟರು.

"ನೀ ಬರಬ್ಯಾಡ ಅಕ್ಕಾ," ಅಂದೆ ಗೋಡೆಯ ಈಚೆಯಿಂದ. "ಉದ್ದಕ ಮಾತಾಡ್ತಾರ, ನಿನಗ ಬ್ಯಾಸರಾಗತೈತಿ."

"ಮಿರ್ಚಿ ಮಂಡಕ್ಕಿ ಅಂತೂ ಕೊಡ್ತಾರಲ್ಲ ವಿಮಲಾ," ಅಂದಳು. "ಬರ್ತೀನಿ."

ಗೋಷ್ಠಿಗೆ ಐವತ್ತು ಮಂದಿ ಬಂದಿದ್ದರು, ಅರ್ಧ ನನ್ನ ಹಳೇ ವಿದ್ಯಾರ್ಥಿಗಳು. ಕೊಟ್ರಮ್ಮಕ್ಕ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ತಂಪಾಗಲಿಲ್ಲ ಅನ್ನುವವರು, ಹೂವಿಲ್ಲ ಅನ್ನುವವರು, ಎಲ್ಲರೂ ಮಾತಾಡಿದರು. ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಅವಳು ಎದ್ದು ನಿಂತು ಇಲ್ಲ ಅಂದರೆ ಮುಗಿಯಿತು, ಆಮೇಲೆ ಈ ಊರಿನಲ್ಲಿ ನಾನು ಇತಿಹಾಸದ ಟೀಚರ ಅಂತ ಮುಖ ಎತ್ತಿ ಓಡಾಡುವ ಹಾಗಿಲ್ಲ. ಇದೊಂದೇ ತಲೆಯಲ್ಲಿತ್ತು. ಅವಳಿಗೆ ಮಾಡಿದ್ದರ ಬಗ್ಗೆ ಸಂಕಟವಾಗಿತ್ತು ಎಂದು ಬರೆಯಲು ಆಸೆ. ಆದರೆ ಆ ಕ್ಷಣ ನನಗಿದ್ದದ್ದು ನನ್ನದೇ ಚಿಂತೆ.

ನಿಂಗಪ್ಪ ಮೇಷ್ಟ್ರು ಮೈಕನ್ನು ಅವಳ ಕೈಗೇ ಕೊಟ್ಟರು. "ಹೇಳ್ರಿ ತಾಯಿ. ಸೇತುವಿ ಮ್ಯಾಲ ಅಂಜಿ ಕುಂತಿದ್ದು ಖರೇನೋ, ಇಲ್ಲ ನಮ್ಮ ಮೇಡಂ ಬಣ್ಣ ಹಚ್ಯಾರೋ?"

ಅವಳು ಒಮ್ಮೆ ನನ್ನ ಕಡೆ ನೋಡಿದಳು.

"ಖರೇನ ಐತ್ರಿ," ಅಂದಳು. "ಕೆಳಗ ಹೊಳಿ, ಹಲಗಿ ನಡುವ ಸಂದಿ. ಕಾಲಾಗಿನ ಜೀವಾನ ಹೋತು. ಕಣ್ಣಾಗ ನೀರು ಬಂದ್ವು. ನಾ ಇಲ್ಲೇ ಬಿದ್ದು ಹೋದ್ರ ಮಗಳ ಬಾಣಂತನ ಮಾಡೋರ್ಯಾರು ಅನ್ನಿಸ್ತು. ವಿಮಲಾ ಇದ್ದಳು, ದಾಟಿಸಿದಳು."

ಮಂದಿ ನಕ್ಕರು, ಚಪ್ಪಾಳೆ ತಟ್ಟಿದರು. ಕೊಟ್ರಮ್ಮಕ್ಕನಿಗೆ ಇಬ್ಬರೂ ಗಂಡುಮಕ್ಕಳು, ಹೆಣ್ಣುಮಗಳಿಲ್ಲ. ಅವಳು ಹೇಳಿದ್ದು ಸೇತುವೆಯ ಮೇಲೆ ನಾನಾಡಿದ ಮಾತು, ಒಂದು ಅಕ್ಷರ ಬದಲಿಲ್ಲದೆ. ನಿಂಗಪ್ಪ ಮೇಷ್ಟ್ರು ಒಂದು ಕ್ಷಣ ನನ್ನ ಮುಖ ನೋಡಿ ಮುಂದಿನವರನ್ನು ಕರೆದರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಅದನ್ನು ನೆನೆಸಿದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಮಾರನೇ ದಿನ ಗೋಡೆಯ ಹತ್ತಿರ ಕೇಳಿದೆ. "ಯಾಕ ಹಂಗಂದಿ ಅಕ್ಕಾ?"

"ನಾ ಅಂಜಿದ್ರೇನು, ಬಿಟ್ರೇನು. ಬೀಜ ಕೊಳ್ಳೋರು ಬೀಜ ಕೊಳ್ಳತಾರ. ನೀ ಟೀಚರ. ಹುಡುಗ್ರೆಲ್ಲ ಕುಂತಿದ್ರು." ಅವಳು ರೊಟ್ಟಿಯ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಒಳಗೆ ಹೋಗಲು ತಿರುಗಿದವಳು ನಿಂತಳು. "ಕುಂದರಿಸಿದ್ದಕ್ಕ ಏನೂ ಅನ್ನಿಸ್ಲಿಲ್ಲ ವಿಮಲಾ. ರೊಟ್ಟಿ ಉಣಿಸಿದ್ದು ತಗದುಬಿಟ್ಟಿ ನೋಡು. ಹನ್ನೆರಡು ದಿನ ತೊಡಿ ಮ್ಯಾಲ ಇಟಗೊಂಡಿದ್ದೆ ಅವನ್ನ."

ನನ್ನ ಪುಸ್ತಕದ ಬಗ್ಗೆ ಬಂದ ಅಭಿಪ್ರಾಯಗಳಲ್ಲಿ ಚೀಟಿಯಲ್ಲಿ ಬರೆದು ಚೀಲಕ್ಕೆ ಹಾಕದೇ ಇದ್ದದ್ದು ಇದೊಂದೇ. ಎರಡನೇ ಮುದ್ರಣದಲ್ಲಿ ತಿದ್ದೋಣ ಅಂದುಕೊಂಡೆ, ಹೇಸರಗತ್ತಿ ಪುಸ್ತಕಕ್ಕೆ ಎರಡನೇ ಮುದ್ರಣ ಎಲ್ಲಿಂದ ಬರಬೇಕು. ಅದಕ್ಕೇ ಮೊನ್ನೆ ಎಕ್ಸ್‌ರೇ ಹುಡುಕುವುದನ್ನು ಅಲ್ಲಿಗೇ ಬಿಟ್ಟು ಇದನ್ನು ಬರೆಯಲು ಕೂತೆ. ನಿನ್ನೆ ಬರೆದು ಮುಗಿಸಿ, ಈ ಸಲ ಅಚ್ಚಿಗೆ ಕಳಿಸುವ ಮೊದಲು ಹಾಳೆ ಹಿಡಿದು ಗೋಡೆಯ ಆಚೆಗೇ ಹೋದೆ. ಅವಳು ಒಲೆಯ ಮುಂದೆ ಹಿಟ್ಟು ನಾದುತ್ತಾ ಕೂತಿದ್ದಳು. ಪಕ್ಕದಲ್ಲಿ ಮಣೆ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ.

ಅವಳು ನಡುವೆ ಎಲ್ಲೂ ತಲೆ ಎತ್ತಲಿಲ್ಲ. ರೊಟ್ಟಿ ಬಡಿದಳು, ಹಂಚಿಗೆ ಹಾಕಿದಳು, ನೀರು ಸವರಿದಳು. ನಾನು ಮುಗಿಸಿದ ಮೇಲೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಹೇಸರಗತ್ತಿಗಿ ಕೊಟ್ಟಿದ್ದನ್ನೂ ಬರದಿ, ಚೊಲೊ ಆತು," ಅಂದಳು. "ಒಂದು ಮಾತು ಮಾತ್ರ ತಗದುಹಾಕು."

"ಯಾವುದು?"

"ನೀ ಅತ್ತಿದ್ದು. ಅಂಜಿದ್ದಳು ಅಂತ ಇರಲಿ. ಅತ್ತಳು ಅಂತ ಬ್ಯಾಡ. ನಿನ್ನ ಹುಡುಗ್ರು ಓದತಾರ."

ಹೂಂ ಅಂದೆ. ಮನೆಗೆ ಬಂದು ಆ ಸಾಲಿನ ಮೇಲೆ ಪೆನ್ನು ಇಟ್ಟುಕೊಂಡು ಬಹಳ ಹೊತ್ತು ಕೂತೆ. ತೆಗೆದಿಲ್ಲ.